ಎಂಟು ಸೆಕೆಂಡಿನ ಉತ್ತರ, ಕಾಯಿ ಕಟ್ಟದ ಕುಂಬಳ

ಪರಾಗಸ್ಪರ್ಶದ ಬಗ್ಗೆ ನನಗೆ ಎಲ್ಲವೂ ಗೊತ್ತಿತ್ತು. ಪರೀಕ್ಷೆಗೆ ಬೇಕಾದಷ್ಟಂತೂ ಗೊತ್ತಿತ್ತು. ಧಾರವಾಡದ ಪಿಜಿಯಲ್ಲಿ ಒಂದೂವರೆ ವರ್ಷ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವಳು ನಾನು. ಗಾಳಿಯಿಂದಾದರೆ ಅನಿಮೊಫಿಲಿ, ಕೀಟದಿಂದಾದರೆ ಎಂಟಮೊಫಿಲಿ. ವಿಶ್ವ ಜೇನು ದಿನ ಮೇ 20. ಜೇನುನೊಣಗಳ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ವಾನ್ ಫ್ರಿಶ್‌ಗೆ ನೊಬೆಲ್ ಬಂದದ್ದು 1973ರಲ್ಲಿ. ಅಣಕು ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದರೆ ಎಂಟು ಸೆಕೆಂಡಿನಲ್ಲಿ ಗುರುತು ಹಾಕಿ ಮುಂದಿನದಕ್ಕೆ ಹೋಗುತ್ತಿದ್ದೆ.

ಪಿಜಿ ಬಾಡಿಗೆ ಕೈಗೆ ಹತ್ತದಾದಾಗ, ಮನೆಯಲ್ಲೇ ಓದುತ್ತೇನೆ ಎಂದು ದೀಪಾವಳಿಗೆ ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿಗೆ ಬಂದೆ. ಬಂದ ವಾರಕ್ಕೇ ಅಮ್ಮ ಹಿತ್ತಲಿನಿಂದ ಕೂಗಿದಳು. "ನೀನು ಬಿಎಸ್ಸಿ ಓದಿದವಳಲ್ವಾ? ಇಲ್ಲಿ ಬಾ. ಈ ಸಿಹಿಗುಂಬಳದ ಬಳ್ಳಿಗೆ ಏನಾಗಿದೆ ನೋಡು. ಹೂವು ಬಿಡ್ತದೆ, ಹೀಚು ಕಾಣ್ತದೆ, ನಾಲ್ಕು ದಿನಕ್ಕೆ ಹಳದಿಯಾಗಿ ಕೊಳೆತು ಬೀಳ್ತದೆ."

ನೋಡಿದೆ. ಬಳ್ಳಿ ಸೊಂಪಾಗಿತ್ತು. ಎಲೆ ಅಗಲವಾಗಿತ್ತು. ಹೂವು ಬೇಕಾದಷ್ಟಿತ್ತು. "ಗೊಬ್ಬರ ಸಾಲದೇನೋ" ಎಂದು ಹೇಳಿ ಒಳಗೆ ಬಂದೆ. ಆ ದಿನದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇದ್ದದ್ದೂ ಸಸ್ಯಗಳ ಸಂತಾನೋತ್ಪತ್ತಿಯ ಅಧ್ಯಾಯವೇ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಉತ್ತರ ಹೇಳಿದ್ದು ಅಜ್ಜಿ. ಆಕೆ ಓದಿದ್ದು ಮೂರನೇ ಇಯತ್ತೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಳ್ಳಿಯ ಪಕ್ಕ ನಿಂತು, "ಹೂವಿಗೆ ಯಾರೂ ಬರ್ತಾ ಇಲ್ಲ ಮಾರಾಯ್ತಿ, ಕಾಯಿ ಎಲ್ಲಿಂದ ಆಗ್ತದೆ?" ಎಂದಳು.

ಯಾರೂ ಬರ್ತಾ ಇಲ್ಲ. ನನ್ನ ಕೋಚಿಂಗ್ ನೋಟ್ಸ್‌ನಲ್ಲಿ ಈ ವಾಕ್ಯ ಇರಲಿಲ್ಲ.

ಬೆಳಗಿನ ಹೂವು, ಸಂಜೆಯ ಹೂವು

ಮರುದಿನದಿಂದ ಬೆಳಿಗ್ಗೆ ಆರೂವರೆಗೆ ನಾನೂ ಬಳ್ಳಿಯ ಹತ್ತಿರ ಕೂರತೊಡಗಿದೆ. ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗಂಡು ಹೂವಿಗೆ ಉದ್ದನೆಯ ಸಪೂರ ತೊಟ್ಟು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಮೊದಲೇ ಇರುತ್ತದೆ. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಲುಪಿದರೆ ಆ ಗೋಲಿ ಬೆಳೆಯುತ್ತದೆ, ಇಲ್ಲದಿದ್ದರೆ ಕೊಳೆಯುತ್ತದೆ. ಕುಂಬಳದ ಪರಾಗ ಅಂಟಂಟು, ಭಾರ. ಗಾಳಿಯಲ್ಲಿ ಹಾರುವುದಿಲ್ಲ. ಹೂವು ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಒಂದು ಹೂವಿಗೆ ಸಿಗುವುದು ಒಂದೇ ಬೆಳಗು. ಅಷ್ಟರೊಳಗೆ ಯಾರಾದರೂ ಬರಬೇಕು.

ನಾಲ್ಕು ದಿನ ಕೂತೆ. ಮಳೆ ನಿಂತು ತಿಂಗಳಾಗುತ್ತ ಬಂದಿತ್ತು, ಆಕಾಶ ಸ್ವಚ್ಛವಾಗಿತ್ತು. ಆದರೂ ನಮ್ಮ ಹೂವಿಗೆ ಬಂದದ್ದು ಇರುವೆಗಳು ಮತ್ತು ಎಲೆ ತಿನ್ನುವ ಕೆಂಪು ದುಂಬಿಗಳು.

ಐದನೇ ದಿನ ಕಾರಣ ಕಣ್ಣೆದುರೇ ಬಂತು. ಅಪ್ಪ ಬೆನ್ನಿಗೆ ಪಂಪು ಏರಿಸಿಕೊಂಡು, ಬಿಸಿಲೇರುವ ಮೊದಲೇ ಕೆಲಸ ಮುಗಿಸೋಣವೆಂದು, ಅರಳಿದ ಹೂವಿನ ಮೇಲೇ ಔಷಧಿ ಹೊಡೆಯುತ್ತಿದ್ದರು. ಕೆಂಪು ದುಂಬಿಯ ಕಾಟಕ್ಕೆ ಅಂಗಡಿಯವರು ಕೊಟ್ಟ ಔಷಧಿ. ವಾರಕ್ಕೊಮ್ಮೆ ಹೊಡೆಯಲು ಹೇಳಿದ್ದರಂತೆ. ಡಬ್ಬಿಯ ಜೊತೆ ಬಂದ ಮಡಚಿದ ಚೀಟಿಯನ್ನು ನಾನು ಬಿಡಿಸಿ ಓದಿದೆ. ಜೇನುನೊಣಗಳು ಓಡಾಡುವ ಹೊತ್ತಿನಲ್ಲಿ ಸಿಂಪಡಿಸಬಾರದೆಂದು ಅದರಲ್ಲಿತ್ತು. ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ.

ಅಪ್ಪನ ತಪ್ಪು ಎಂದು ಬರೆದರೆ ಅನ್ಯಾಯವಾಗುತ್ತದೆ. ಆ ಅಕ್ಷರ ಅವರ ಕಣ್ಣಿಗೆ ಕಾಣುವಂಥದ್ದಲ್ಲ. ಓದಬಲ್ಲ ಮಗಳು ಒಳಗೆ ಕೂತು ಎಂಟಮೊಫಿಲಿ ಉರು ಹೊಡೆಯುತ್ತಿದ್ದಳು.

ವೆನಿಲಾ ಕಲಿಸಿದ ಲೆಕ್ಕ

ಹೂವಿಗೆ ನೊಣ ಬಾರದಿದ್ದರೆ ನಾವೇ ಪರಾಗ ಮುಟ್ಟಿಸಿದರಾಯಿತು ಎಂದುಕೊಂಡೆ. ಯೂಟ್ಯೂಬಿನಲ್ಲಿ ಅಂಥ ವಿಡಿಯೊಗಳು ಬೇಕಾದಷ್ಟಿವೆ. ಗಂಡು ಹೂವು ಕಿತ್ತು, ಎಸಳು ತೆಗೆದು, ನಡುವಿನ ಕೇಸರವನ್ನು ಹೆಣ್ಣು ಹೂವಿಗೆ ಸವರಿದೆ. ಕಾಯಿ ಕಟ್ಟಿತು. ಗೆದ್ದೆ ಎಂದು ಬೀಗಿದೆ.

ಅಜ್ಜಿ ನಕ್ಕಳು. "ಎರಡು ಹೂವಿಗೆ ಇಷ್ಟು ಸಂಭ್ರಮ. ನಾವು ವೆನಿಲಾಕ್ಕೆ ಮಾಡ್ತಿದ್ದದ್ದು ನೀನು ನೋಡಬೇಕಿತ್ತು."

ಮಲೆನಾಡಿನ ನನ್ನ ವಯಸ್ಸಿನವರಿಗೆ ವೆನಿಲಾ ಎಂದರೆ ಐಸ್‌ಕ್ರೀಮ್. ನಮ್ಮ ಹಿರಿಯರಿಗೆ ಅದು ಒಂದು ಕನಸು ಮತ್ತು ಒಂದು ಪೆಟ್ಟು. 2000ದ ದಶಕದ ಮೊದಲ ವರ್ಷಗಳಲ್ಲಿ ಅದರ ಬೆಲೆ ಆಕಾಶಕ್ಕೇರಿತ್ತು. ಅಡಿಕೆ ಮರಗಳ ನಡುವೆ ಎಲ್ಲರೂ ಬಳ್ಳಿ ಹಬ್ಬಿಸಿದರು. ಆಮೇಲೆ ಬೆಲೆ ಕುಸಿಯಿತು, ಬಳ್ಳಿ ಮಾಯವಾಯಿತು. ಅಜ್ಜಿ, ಅಮ್ಮ ನೆನಪಿಟ್ಟುಕೊಂಡಿರುವುದು ಬೆಲೆಯನ್ನಲ್ಲ, ಹೂವಿನ ಕಾಲದ ಬೆಳಗುಗಳನ್ನು.

ವೆನಿಲಾದ ತವರು ಮೆಕ್ಸಿಕೊ ಕಡೆ. ಅದಕ್ಕೆ ಪರಾಗಸ್ಪರ್ಶ ಮಾಡುವ ಅಲ್ಲಿನ ಕೀಟಗಳು ನಮ್ಮಲ್ಲಿಲ್ಲ. ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಭಾಗ ಎರಡೂ ಇದ್ದರೂ ನಡುವೆ ಒಂದು ತೆಳು ಪರದೆ ಇದೆ. ಕಡ್ಡಿಯಿಂದ ಆ ಪರದೆ ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಈ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಹುಡುಗ, ಗುಲಾಮನಾಗಿದ್ದವನು. ಇವತ್ತಿಗೂ ಜಗತ್ತು ಅದೇ ಉಪಾಯದಲ್ಲಿ ವೆನಿಲಾ ಬೆಳೆಯುತ್ತಿದೆ.

"ಹೂವು ಅರಳಿದ ದಿನವೇ ಮುಗಿಸಬೇಕು. ಜ್ವರ ಬಂದ್ರೂ ಹೋಗಬೇಕು, ನೆಂಟರು ಬಂದ್ರೂ ಹೋಗಬೇಕು. ಕತ್ತು ಎತ್ತಿ ಎತ್ತಿ ರಾತ್ರಿ ಮಲಗೋಕಾಗ್ತಿರಲಿಲ್ಲ" ಎಂದಳು ಅಮ್ಮ. ನೂರಾರು ಹೂವು, ಒಂದೊಂದನ್ನೂ ಮುಟ್ಟಬೇಕು, ಹೂವಿನ ಕಾಲ ಮುಗಿಯುವವರೆಗೆ ದಿನವೂ ಮುಟ್ಟಬೇಕು.

ಜೇನಿನ ಕೆಲಸವನ್ನು ಮನುಷ್ಯರು ಮಾಡಿದರೆ ಎಷ್ಟು ಖರ್ಚು ಎನ್ನುವುದು ನಮ್ಮ ಮನೆಯ ಹೆಂಗಸರ ಕತ್ತಿಗೆ ಗೊತ್ತಿತ್ತು. ಕುಂಬಳಕ್ಕೆ, ಸೌತೆಗೆ, ಹಾಗಲಕ್ಕೆ, ಏಲಕ್ಕಿಗೆ, ಸೂರ್ಯಕಾಂತಿಗೆ ಆ ಕೂಲಿಯನ್ನು ನಾವು ಕೊಡುತ್ತಿಲ್ಲ. ಕೊಡಬೇಕಾಗಿ ಬಂದರೆ ಸಂತೆಯ ಬೆಲೆ ಏನಾದೀತು? ನನಗೆ ಅರ್ಥಶಾಸ್ತ್ರದ ಯಾವ ಅಧ್ಯಾಯವೂ ಇಷ್ಟು ಸ್ಪಷ್ಟವಾಗಿ ಅರ್ಥವಾಗಿರಲಿಲ್ಲ.

ಅಟ್ಟದ ಮೇಲಿನ ಪೆಟ್ಟಿಗೆ

ನಮ್ಮ ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಅದರಲ್ಲಿ ಹಳೆಯ ಕತ್ತಿ, ಮೊಳೆ, ಬಲ್ಬು ಇಟ್ಟಿದ್ದೇವೆ. ಅದು ಅಜ್ಜನ ಜೇನುಪೆಟ್ಟಿಗೆಯೆಂದು ನನಗೆ ಗೊತ್ತಾದದ್ದು ಈ ಸಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ಬಡಿಯಿತು. ಮರಿಹುಳುಗಳು ಗೂಡಿನಲ್ಲೇ ಸತ್ತವು. ಮಲೆನಾಡು, ಕೊಡಗು, ಕರಾವಳಿಯಲ್ಲಿ ಪೆಟ್ಟಿಗೆಗಳು ಬರಿದಾದವು. ಅಜ್ಜ ಮತ್ತೆ ಜೇನು ಕೂರಿಸಲಿಲ್ಲ. ಮುಂದಿನ ವರ್ಷಗಳಲ್ಲಿ ತುಡುವೆ ಚೇತರಿಸಿಕೊಂಡಿತು, ಆದರೆ ನಮ್ಮ ಮನೆಯ ಗಮನ ಚೇತರಿಸಿಕೊಳ್ಳಲಿಲ್ಲ. ಜೇನು ಬಂತೋ ಹೋಯಿತೋ ಎಂದು ನೋಡುವ ಅಭ್ಯಾಸವೇ ತಪ್ಪಿತು.

ಈ ಪೆಟ್ಟಿಗೆಯ ಮಾತು ಎತ್ತಿದರೆ ಸಾಕು, ನನ್ನಂಥ ನಿರುದ್ಯೋಗಿಗಳಿಗೆ ಎಲ್ಲರೂ ಕೊಡುವ ಸಲಹೆ ಒಂದೇ: "ಜೇನು ಸಾಕು, ಲಕ್ಷ ಲಕ್ಷ ಗಳಿಸು." ಜೇನು ಸಾಕಣೆ ಒಳ್ಳೆಯ ಉಪಕಸುಬು, ತೋಟಗಾರಿಕೆ ಇಲಾಖೆಯಲ್ಲಿ ತರಬೇತಿಯೂ ಸಹಾಯಧನವೂ ಇದೆ. ಆದರೆ ಅದು ಬೇರೆ, ಪರಾಗಸ್ಪರ್ಶಿಗಳನ್ನು ಉಳಿಸುವುದು ಬೇರೆ. ಪೆಟ್ಟಿಗೆ ಇಟ್ಟ ಮಾತ್ರಕ್ಕೆ ಸುತ್ತ ಹೂವು ಹುಟ್ಟುವುದಿಲ್ಲ, ಪಕ್ಕದ ಹಿತ್ತಲಿನ ಔಷಧಿ ನಿಲ್ಲುವುದಿಲ್ಲ. ಅಲ್ಲದೆ ಪೆಟ್ಟಿಗೆಯಲ್ಲಿ ಕೂರದ ಎಷ್ಟೋ ಜೀವಿಗಳು ನಮ್ಮ ಅಡುಗೆಮನೆಗೆ ದುಡಿಯುತ್ತಿವೆ.

ಬದನೆ ಹೂವನ್ನೇ ನೋಡಿ. ಅದರ ಪರಾಗ ಉಪ್ಪಿನ ಡಬ್ಬಿಯಲ್ಲಿ ಇದ್ದ ಹಾಗೆ, ಹಳದಿ ಕೊಳವೆಯ ಒಳಗೆ ಇರುತ್ತದೆ. ತುದಿಯಲ್ಲಿ ಸಣ್ಣ ತೂತು ಮಾತ್ರ. ತುಡುವೆಗೆ ಅದನ್ನು ಅಲುಗಿಸಿ ಉದುರಿಸಲು ಬರುವುದಿಲ್ಲ. ಒಣಮರ ಕೊರೆಯುವ ದಪ್ಪ ಕರಿ ಭ್ರಮರ, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂಟಿ ಜೇನು, ಇವು ಹೂವನ್ನು ಅಪ್ಪಿ ಹಿಡಿದು 'ಝುಂಯ್' ಎಂದು ಮೈ ನಡುಗಿಸುತ್ತವೆ. ಪರಾಗ ಉದುರುತ್ತದೆ. ಟೊಮೆಟೊ ಹೂವಿಗೂ ಇದೇ ಚಿಕಿತ್ಸೆ. ಸೋರೆ, ಹೀರೆ ಹೂವು ಸಂಜೆ ಅರಳುತ್ತವೆ, ಕತ್ತಲಲ್ಲಿ ಪತಂಗಗಳು ಬರುತ್ತವೆ. ನಮ್ಮ ಮಣ್ಣಿನ ಗೋಡೆಯ ಬಿರುಕಿನಲ್ಲಿ ಸೊಳ್ಳೆಯಷ್ಟೇ ಸಣ್ಣ ಮಿಸರಿ ಜೇನು ಇದೆ, ಕರಾವಳಿಯವರು ಮುಜಂಟಿ ಎನ್ನುವುದು ಇದನ್ನೇ. ಅದಕ್ಕೆ ಕೊಂಡಿಯಿಲ್ಲ, ಕಚ್ಚುವ ಭಯವಿಲ್ಲ. ಅಮ್ಮ ಆ ಬಿರುಕಿಗೆ ಸಿಮೆಂಟ್ ಮೆತ್ತಬೇಕೆಂದು ಎರಡು ವರ್ಷದಿಂದ ಹೇಳುತ್ತಿದ್ದಳು.

ಇನ್ನು ಗುಲಾಬಿ. ಅಮ್ಮನ ಗುಲಾಬಿ ಎಲೆಗಳ ಅಂಚಿನಲ್ಲಿ ಕಂಪಾಸಿನಿಂದ ಕತ್ತರಿಸಿದಂತೆ ಅರ್ಧಚಂದ್ರದ ತೂತುಗಳು. ಯಾವುದೋ ಹುಳುವೆಂದು ಅದಕ್ಕೂ ಔಷಧಿ ಬಿದ್ದಿತ್ತು. ಅದು ಎಲೆ ತಿನ್ನುವ ಹುಳುವಲ್ಲ, ಎಲೆ ಕತ್ತರಿಸುವ ಜೇನು. ಆ ತುಂಡುಗಳನ್ನು ಹೊತ್ತೊಯ್ದು ಟೊಳ್ಳು ಕಡ್ಡಿಯಲ್ಲಿ ತನ್ನ ಮರಿಗೆ ತೊಟ್ಟಿಲು ಕಟ್ಟುತ್ತದೆ. ಗಿಡಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ತೊಗರಿ ಹೂವಿಗೆ ಹೋಗುವವರಲ್ಲಿ ಇದರ ಬಳಗದವರೂ ಇದ್ದಾರೆ. ನಮ್ಮ ಸಾರಿನ ಬೇಳೆಗೆ ದುಡಿಯುವವರನ್ನು ನಾವು ಗುಲಾಬಿ ಗಿಡದಲ್ಲಿ ಕೊಲ್ಲುತ್ತಿದ್ದೆವು.

ಮನೆಯೊಳಗಿನ ಜಗಳ

ಇಷ್ಟೆಲ್ಲ ತಿಳಿದ ಮೇಲೆ ನಾನು ಹೊಸದಾಗಿ ಮತಾಂತರವಾದವರಂತೆ ಮನೆಯಲ್ಲಿ ಭಾಷಣ ಶುರು ಮಾಡಿದೆ. ಅಪ್ಪ ಒಂದೇ ಮಾತಿನಲ್ಲಿ ಕೂರಿಸಿದರು. "ಅಡಿಕೆಗೆ ಗಾಳಿ ಸಾಕು, ಭತ್ತಕ್ಕೂ ಗಾಳಿ ಸಾಕು. ನಿನ್ನ ಜೇನು ಇಲ್ಲದಿದ್ರೆ ಈ ಮನೆ ಉಪವಾಸ ಬೀಳೋದಿಲ್ಲ. ದುಂಬಿ ಬಳ್ಳೀನೇ ತಿಂದು ಹಾಕಿದ್ರೆ ಹೂವು ಎಲ್ಲಿರ್ತದೆ ಹೇಳು."

ಅವರ ಮಾತಿನಲ್ಲಿ ಸತ್ಯವಿತ್ತು. ಜೇನಿಲ್ಲದಿದ್ದರೆ ಮನುಷ್ಯಕುಲ ನಾಲ್ಕೇ ವರ್ಷ ಎಂದು ಐನ್‌ಸ್ಟೀನ್ ಹೇಳಿದರೆಂಬ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರುತ್ತದೆ. ಅವರು ಹಾಗೆ ಹೇಳಿದ್ದಕ್ಕೆ ಯಾವ ಆಧಾರವೂ ಇಲ್ಲ. ಅಕ್ಕಿ, ಗೋಧಿ, ಜೋಳ, ರಾಗಿ ಕೀಟಗಳನ್ನು ನೆಚ್ಚಿಕೊಂಡಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವುದು ಇಷ್ಟು: ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಸುಮಾರು ಶೇ 75ರಷ್ಟು ಬೆಳೆಗಳು ಸ್ವಲ್ಪವಾದರೂ ಪರಾಗಸ್ಪರ್ಶಿಗಳನ್ನು ಅವಲಂಬಿಸಿವೆ. ಹೊಟ್ಟೆ ತುಂಬುವ ಅನ್ನಕ್ಕೆ ಅವು ಬೇಡ, ಅನ್ನದ ಪಕ್ಕದಲ್ಲಿರುವ ತರಕಾರಿ, ಹಣ್ಣು, ಎಣ್ಣೆಗೆ ಬೇಕು. ಹೆದರಿಸಲು ಸುಳ್ಳು ಬೇಕಾಗಿಲ್ಲ. ಬರೀ ಅನ್ನ ತಿಂದು ಬದುಕಿದರೆ ಆರೋಗ್ಯ ಏನಾಗುತ್ತದೆಂದು ಹೇಳಿದರೆ ಸಾಕು.

ಜಗಳ ರಾಜಿಯಲ್ಲಿ ಮುಗಿಯಿತು. ಕೆಂಪು ದುಂಬಿಗಳು ನಸುಕಿನ ತಂಪಿನಲ್ಲಿ ಜಡವಾಗಿರುತ್ತವೆ, ಆಗ ಕೈಯಿಂದ ಹಿಡಿದು ಸೋಪಿನ ನೀರಿಗೆ ಹಾಕಬಹುದು. ಆ ಕೆಲಸ ನನ್ನದು. ಎಳೆ ಬಳ್ಳಿಗೆ ಇಬ್ಬನಿಯ ಮೇಲೆ ಒಲೆಯ ಬೂದಿ ಉದುರಿಸುವುದು ಅಜ್ಜಿಯದು. ಅಷ್ಟಕ್ಕೂ ಮೀರಿದರೆ ಮಾತ್ರ ಔಷಧಿ, ಅದೂ ಹೂವು ಅರಳಿರುವ ಹೊತ್ತಿನಲ್ಲಿ ಅಲ್ಲ. ಕುಂಬಳಕ್ಕಾದರೆ ಮುಸ್ಸಂಜೆ. ಹೀರೆಗೆ ಮುಸ್ಸಂಜೆಯೇ ಹೂವಿನ ಹೊತ್ತು, ಆದ್ದರಿಂದ ಅದಕ್ಕೆ ಔಷಧಿಯೇ ಬೇಡ ಎಂದಾಯಿತು.

ಅಂಗಳದ ವಿಷಯದಲ್ಲಿ ನಾನು ಅರ್ಧ ಸೋತೆ. ಅಡಿಕೆ ಒಣಗಿಸಲು ಇಡೀ ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವ ಯೋಜನೆ ಹಳೆಯದು. ನೆಲದಲ್ಲಿ ಬಿಲ ತೋಡಿ ಗೂಡು ಮಾಡುವ ಜೇನುಗಳಿವೆ ಎಂದರೆ ಯಾರು ಕೇಳುತ್ತಾರೆ? ಕೊನೆಗೆ ಬೇಲಿಯ ಪಕ್ಕದ ಮೂರಡಿ ಅಗಲದ ಪಟ್ಟಿಯನ್ನು ಹಾಗೇ ಬಿಟ್ಟರು. ಅಲ್ಲಿ ತುಂಬೆ ಇದೆ, ಮುಟ್ಟಿದರೆ ಮುನಿ ಇದೆ, ಅಮ್ಮ ಊರಿದ ತುಳಸಿ ಇದೆ. ಗೋಡೆಯ ಬಿರುಕು ಉಳಿಯಿತು. ಹಿತ್ತಲಿನ ಒಣ ಬಿದಿರಿನ ರಾಶಿಯೂ ಉಳಿಯಿತು.

ಮೂರನೇ ಮಹಡಿಯಲ್ಲಿ

ಹಿತ್ತಲು ಇರುವವರಿಗೆ ಇದೆಲ್ಲ ಸರಿ ಎನ್ನಬಹುದು. ನನ್ನ ಅಕ್ಕ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಅವರ ನೀರಿನ ಟ್ಯಾಂಕಿನ ಕೆಳಗೆ ಹೆಜ್ಜೇನು ಕಟ್ಟಿತು. ಗುಂಪಿನಲ್ಲಿ ಸಂದೇಶಗಳು ಹಾರಿದವು. ರಾತ್ರಿ ಯಾರನ್ನೋ ಕರೆಸಿ ಔಷಧಿ ಹೊಡೆಸಿದರು. ಬೆಳಿಗ್ಗೆ ಅಕ್ಕ ತನ್ನ ಬಾಲ್ಕನಿಯಿಂದ ಮೊರಗಟ್ಟಲೆ ಸತ್ತ ನೊಣಗಳನ್ನು ಗುಡಿಸಿದಳು. ಕೆಲವಕ್ಕೆ ಇನ್ನೂ ಜೀವವಿತ್ತಂತೆ. ಅವಳ ಐದು ವರ್ಷದ ಮಗ "ಇವು ಏನು ಮಾಡಿದ್ವು?" ಎಂದು ಕೇಳಿದನಂತೆ. ಉತ್ತರ ಕೊಡಲಾಗಲಿಲ್ಲ ಎಂದು ಫೋನಿನಲ್ಲಿ ಅತ್ತಿದ್ದಳು.

ಹೆಜ್ಜೇನು ಅಪಾಯಕಾರಿಯಲ್ಲ ಎಂದು ನಾನು ಹೇಳುವುದಿಲ್ಲ. ಕೆರಳಿದರೆ ಜೀವ ಹೋಗಬಹುದು. ಶಾಲೆಯ ಬಾಗಿಲಲ್ಲೋ ಮಕ್ಕಳ ಕೈಗೆಟುಕುವಲ್ಲೋ ಕಟ್ಟಿದರೆ ಕೊಲ್ಲದೆ ಸ್ಥಳಾಂತರಿಸಬಲ್ಲ ಪಳಗಿದವರನ್ನು ಕರೆಯಲೇಬೇಕು. ಆದರೆ ಎತ್ತರದಲ್ಲಿ, ಯಾರ ದಾರಿಗೂ ಅಡ್ಡವಾಗದ ಕಡೆ ಕಟ್ಟಿದರೆ? ಅದು ವಲಸೆಯ ಜೇನು. ಹೂವಿನ ಕಾಲ ಮುಗಿದರೆ ತಾನೇ ಎದ್ದು ಹೋಗುತ್ತದೆ. ಮತ್ತೆ ಹೂವಿನ ಕಾಲಕ್ಕೆ ಅದೇ ಜಾಗ ಹುಡುಕಿ ಬರುವುದೂ ಉಂಟು. ಕೊಂದರೂ ಆ ಜಾಗ ಹೆಜ್ಜೇನಿಗೆ ಹಿಡಿಸಿದ್ದರೆ ಬೇರೆ ಹಿಂಡು ಬರುತ್ತದೆ.

ಬಂತು ಕೂಡ. ಮರುವರ್ಷ ಅದೇ ಟ್ಯಾಂಕಿನ ಕೆಳಗೆ. ಈ ಸಲ ಅಕ್ಕ ಮನೆಮನೆಗೆ ಹೋಗಿ ಮಾತಾಡಿದಳು. ತಾರಸಿಯ ಬಾಗಿಲಿಗೆ ಬೀಗ ಬಿತ್ತು. ರಾತ್ರಿ ಬೆಳಕಿಗೆ ಹೆಜ್ಜೇನು ಹಾರಿ ಬರುತ್ತದೆಂದು ತಾರಸಿಯ ದೀಪ ಆರಿಸಿದರು, ಟ್ಯಾಂಕಿನ ಎದುರಿನ ಕಿಟಕಿಗಳಿಗೆ ದಪ್ಪ ಪರದೆ ಹಾಕಿದರು. ಮಕ್ಕಳಿಗೆ ಕಲ್ಲು ಹೊಡೆಯಬೇಡಿ ಎಂದರು. ಒಂದು ಬೆಳಿಗ್ಗೆ ನೋಡಿದರೆ ಹಿಂಡು ಇಲ್ಲ, ಖಾಲಿ ಎರಿ ತೂಗುತ್ತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಖರ್ಚೂ ಆಗಿರಲಿಲ್ಲ. ಈಗ ಅವಳ ಬಾಲ್ಕನಿಯ ಕುಂಡದಲ್ಲಿ ತುಳಸಿ ಕದಿರು ಬಿಡಲು ಬಿಟ್ಟಿದ್ದಾಳೆ. ಮೊದಲು ಕದಿರು ಕಂಡ ಕೂಡಲೇ ಚಿವುಟುತ್ತಿದ್ದಳು.

ಒಂದು ಮನೆಯಿಂದ ಏನಾದೀತು?

ಇದು ನನ್ನ ಗೆಳತಿಯ ಪ್ರಶ್ನೆ. ದೊಡ್ಡ ಹೊಲಗಳಲ್ಲಿ ಟ್ಯಾಂಕರುಗಟ್ಟಲೆ ವಿಷ ಹೊಡೆಯುವಾಗ ನಿನ್ನ ಮೂರಡಿ ಪಟ್ಟಿಯಿಂದ ಏನು ಪ್ರಯೋಜನ ಎಂದಳು. ನ್ಯಾಯವಾದ ಪ್ರಶ್ನೆ. ಕೀಟನಾಶಕಗಳ ನಿಯಂತ್ರಣ ಸರ್ಕಾರದ ಕೆಲಸ, ಅದನ್ನು ಕೇಳುವುದು ನಮ್ಮ ಕೆಲಸ. ಮನೆಯ ಹಿತ್ತಲು ಅದಕ್ಕೆ ಪರ್ಯಾಯವಲ್ಲ.

ಆದರೆ ಹುಲಿಗೆ, ಆನೆಗೆ ಒಂದು ಮನೆ ಏನೂ ಮಾಡಲಾಗದು, ಈ ಜೀವಿಗಳ ಮಾತು ಹಾಗಲ್ಲ. ಸಣ್ಣ ಒಂಟಿ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರು ದೂರವಷ್ಟೇ ಹಾರುತ್ತವೆ. ಅವುಗಳ ಇಡೀ ಪ್ರಪಂಚ ನಮ್ಮ ಹಿತ್ತಲು, ಪಕ್ಕದ ಮನೆಯ ಬೇಲಿ, ಎದುರಿನ ಖಾಲಿ ಸೈಟು. ಅಷ್ಟರೊಳಗೆ ಹೂವು, ಗೂಡಿಗೆ ಜಾಗ, ವಿಷವಿಲ್ಲದ ಬೆಳಗು ಸಿಕ್ಕರೆ ಬದುಕುತ್ತವೆ. ಸಿಗದಿದ್ದರೆ ಇಲ್ಲ. ಇದನ್ನು ತೀರ್ಮಾನಿಸುವುದು ಯಾವ ಸಚಿವಾಲಯವೂ ಅಲ್ಲ, ನಮ್ಮ ಅಮ್ಮ, ಅಪ್ಪ, ಅಜ್ಜಿ ಮತ್ತು ನಾವು.

ನಮ್ಮ ಪೀಳಿಗೆಗೆ ಪರಿಸರ ಎಂದರೆ ದಿನಾಚರಣೆ. ಸ್ಟೇಟಸ್ಸು ಹಾಕುತ್ತೇವೆ, ಗಿಡ ನೆಟ್ಟ ಸೆಲ್ಫಿ ತೆಗೆಯುತ್ತೇವೆ, ಪ್ರಬಂಧ ಬರೆಯುತ್ತೇವೆ. ಜೇನಿಗೆ ನಾವು ಹೊಸದಾಗಿ ಮಾಡಬೇಕಾದ್ದಕ್ಕಿಂತ ಮಾಡದೆ ಬಿಡಬೇಕಾದದ್ದೇ ಹೆಚ್ಚು. ಬೆಳಿಗ್ಗೆ ಔಷಧಿ ಹೊಡೆಯದಿರುವುದು, ಬಿರುಕು ಮುಚ್ಚದಿರುವುದು, ಕಳೆ ಎಂದು ತುಂಬೆ ಕೀಳದಿರುವುದು, ಹೆಜ್ಜೇನಿಗೆ ಕೆಲವು ತಿಂಗಳು ಕಾಯುವುದು. ಫೋಟೊ ತೆಗೆಯಲು ಏನೂ ಸಿಗದ ಕೆಲಸಗಳು. ಅದಕ್ಕೇ ಇರಬೇಕು, ಯಾರೂ ಹೇಳುವುದಿಲ್ಲ.

ಮನೆಯಲ್ಲಿ ಕೂತು ಓದುತ್ತಿರುವ ನನ್ನಂಥವರಿಗೆ ಒಂದು ಮಾತು. ಫಲಿತಾಂಶದ ದಾರಿ ಕಾಯುತ್ತ, ನೆಂಟರ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುತ್ತ, ಯಾವುದಕ್ಕೂ ಬಾರದವರೆಂದು ಅನಿಸುವ ದಿನಗಳು ನನಗೂ ಇವೆ. ಆದರೆ ಮನೆಯಲ್ಲಿ ಸಾಸಿವೆ ಗಾತ್ರದ ಅಕ್ಷರ ಓದಬಲ್ಲವರು ನಾವೇ. ಡಬ್ಬಿಯ ಚೀಟಿ ಓದಿ ಹೇಳಿ. ಬೆಳಿಗ್ಗೆ ಹತ್ತು ನಿಮಿಷ ಯಾವುದಾದರೂ ಹೂವಿನ ಎದುರು ಕೂತು, ಯಾರು ಬಂದರು, ಎಷ್ಟು ಸಲ ಬಂದರು ಎಂದು ಬರೆದಿಡಿ. ನನ್ನ ಸಾಮಾನ್ಯ ಜ್ಞಾನದ ಪುಸ್ತಕದ ಕೊನೆಯ ಪುಟಗಳಲ್ಲಿ ಈಗ ಅದೇ ಲೆಕ್ಕವಿದೆ. ಮೊದಲ ನಾಲ್ಕು ದಿನ ಸೊನ್ನೆ. ಔಷಧಿ ನಿಂತು ಹದಿನೆಂಟನೇ ದಿನ ಒಂದು ತುಡುವೆ. ಇಪ್ಪತ್ತೆರಡನೇ ದಿನ ಏಳು ತುಡುವೆ, ಒಂದು ಕರಿ ಭ್ರಮರ.

ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಚಪ್ಪರದಲ್ಲಿ ಐದು ಕುಂಬಳಕಾಯಿ ಇವೆ. ಎರಡು ನಾನು ಕಡ್ಡಿ ಹಿಡಿದು ಮಾಡಿದ್ದು, ಮೂರು ಅವು ಮಾಡಿದ್ದು. ದೊಡ್ಡವು ಯಾರದ್ದು ಎಂದು ಅಪ್ಪ ದಿನಾ ಕೇಳುತ್ತಾರೆ. ಅವುಗಳದ್ದೇ.